ಅಪ್ಪನ ಜಾವಾಕ್ಕೆ ಜೀಡಿಮೆಟ್ಲಾದ ಪಿತ್ತಳೆ

ಸ್ಪ್ರಿಂಗು ಟಿಣ್ಣನೆ ಹಾರಿದ್ದು ಕೇಳಿಸಿತು. ಅದರ ಜೊತೆಗಿದ್ದ ಗುಂಡಿ ಎಲ್ಲಿ ಬಿತ್ತೆಂದು ಕಾಣಲಿಲ್ಲ. ನಮ್ಮದು ಮೂರನೇ ಮಹಡಿ, ಕೆಳಗೆ ವಾಚ್‌ಮನ್ ಬೆಳೆಸಿದ ಗೋಂಗೂರ ಮಡಿ. ಎರಡು ಸಂಜೆ ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆ. ಬಂಗಾರ ಏನಾದರೂ ಕಳೆಯಿತೇ ಎಂದು ವಾಚ್‌ಮನ್ ಹೆಂಡತಿ ತೆಲುಗಿನಲ್ಲಿ ಕೇಳಿ, ತಾನೂ ಬಗ್ಗಿ ಹುಡುಕಿದಳು. ಕಳೆದದ್ದು ಕಾರ್ಬೊರೇಟರಿನ ಟಿಕ್ಲರ್ ಎಂದು ಅವಳಿಗೆ ಹೇಗೆ ಹೇಳುವುದು? ಸಿಗಲಿಲ್ಲ.

ಗಾಡಿ 1969ರ ಜಾವಾ 250. ಅಪ್ಪ ಅದನ್ನು 1982ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಟಿ. ನರಸೀಪುರದ ಸುತ್ತಮುತ್ತ ಲೈನ್‌ಮನ್ ಆಗಿ ಅಲೆದದ್ದೆಲ್ಲ ಅದರ ಮೇಲೇ. ಮಂಡಿ ನೋವು ಶುರುವಾಗಿ ಕಿಕ್ ಹೊಡೆಯಲು ಆಗದೇ ಹೋದ ಮೇಲೆ, ಈ ವರ್ಷ ಪೆಟ್ರೋಲ್ ಖಾಲಿ ಮಾಡಿಸಿ ಮೈಸೂರಿನಿಂದ ಕಾಚಿಗುಡಕ್ಕೆ ರೈಲಿನಲ್ಲಿ ಪಾರ್ಸೆಲ್ ಹಾಕಿಸಿದರು. ಒಂದೇ ಷರತ್ತು: "ಓಡಿಸು, ಆದ್ರೆ ಸುಮ್ ಸುಮ್ನೆ ಬಿಚ್ಬೇಡ." ದಸರಾ ಮುಗಿಸಿಕೊಂಡು ಹೈದರಾಬಾದಿಗೆ ಬರುತ್ತೇನೆ ಎಂದಿದ್ದರು. ನನಗೆ ಉಳಿದದ್ದು ಹದಿನೆಂಟು ದಿನ.

ಮೈಸೂರಿನವರಿಗೆ ಜಾವಾ ಎಂದರೆ ಯಾದವಗಿರಿ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ ಜೆಕ್ ವಿನ್ಯಾಸದ ಬೈಕನ್ನು ಅಲ್ಲಿ ಕಟ್ಟಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಜಾನೆಚೆಕ್ ಎಂಬುವರ ಹೆಸರಿನ ಮೊದಲಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಬೈಕಿನ ಮೊದಲಕ್ಷರಗಳು ಸೇರಿ 'ಜಾವಾ' ಆದದ್ದು. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆ. ಇದನ್ನು ನಮ್ಮ ಅಪಾರ್ಟ್‌ಮೆಂಟಿನ ಹುಡುಗರಿಗೆ ತೋರಿಸಿಯೇ ನನ್ನ ಒಂದು ಭಾನುವಾರ ಕಳೆದಿತ್ತು.

ಟಿಕ್ಲರ್ ಎಂದರೆ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲಿನ ಮುಚ್ಚಳದಲ್ಲಿರುವ ಪುಟ್ಟ ಗುಂಡಿ. ಒತ್ತಿದರೆ ಒಳಗಿನ ಫ್ಲೋಟ್ ತಗ್ಗುತ್ತದೆ, ಸೂಜಿ ಬಿಡುತ್ತದೆ, ಪೆಟ್ರೋಲ್ ಮಾಮೂಲಿಗಿಂತ ಮೇಲೇರುತ್ತದೆ. ತಣ್ಣಗಿರುವ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೇ ಬೆಳಗಿನ ಮೊದಲ ಕಿಕ್‌ಗೆ ಸ್ವಲ್ಪ ಹೆಚ್ಚು ಬೇಕು. ಅಪ್ಪ ಹೆಬ್ಬೆರಳಲ್ಲಿ ಒತ್ತಿ, ಒಂದು ಹನಿ ಹೊರಗೆ ಕಂಡ ಮೇಲೇ ಕಾಲೆತ್ತುತ್ತಿದ್ದದ್ದು.

ಮೊದಲು ನಾನು ಮಾಡಿದ ಕೆಲಸ ಹೇಳಲು ನಾಚಿಕೆ. ತೂತಿಗೆ ಎಂ-ಸೀಲ್ ಮೆತ್ತಿದೆ. ಇಪ್ಪತ್ತೆಂಟು ಕಿಕ್ ಆದ ಮೇಲೆ ಗಾಡಿ ಸ್ಟಾರ್ಟ್ ಆಯಿತು, ಚಿಂತಲ್ ದಾಟುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ ನಿಂತಿತು. ಪಕ್ಕದಲ್ಲೇ ಬಟ್ಟಲಿಗೆ ಗಾಳಿ ಹೋಗುವ ಸಣ್ಣ ರಂಧ್ರವಿತ್ತು, ಅದನ್ನೂ ಮುಚ್ಚಿಬಿಟ್ಟಿದ್ದೆ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಜೆಟ್‌ಗೆ ಇಳಿಯುವುದಿಲ್ಲ. ಔಷಧಿ ಕಂಪನಿಯಲ್ಲಿ ಕ್ವಾಲಿಟಿ ನೋಡುವವನು ನಾನು!

ರಾಣಿಗಂಜ್‌ನಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಒಬ್ಬರು ಪೂರ್ತಿ ಕಾರ್ಬೊರೇಟರನ್ನೇ ಬದಲಿಸಿ ಎಂದರು, ಬೇರೆ ಬೈಕಿನದು, ಹೊಸದು. ಮೈಲೇಜೂ ಜಾಸ್ತಿ ಬರುತ್ತದಂತೆ. ಬೇಡ ಎಂದು ಎದ್ದು ಬಂದೆ. ಅಪ್ಪನಿಗೆ ಗೊತ್ತಾಗಲು ಎರಡು ನಿಮಿಷ ಸಾಕು.

ಕೊನೆಗೆ ಸಿಕ್ಕಿದ್ದು ನಾನು ದಿನಾ ಬಸ್ಸಿನಲ್ಲಿ ದಾಟುವ ಜೀಡಿಮೆಟ್ಲಾದಲ್ಲೇ. ರಿಯಾಕ್ಟರುಗಳ ವಾಸನೆಯ ನಮ್ಮ ಬೀದಿಗಳ ಹಿಂದೆ, ಶಾಪೂರ್‌ನಗರದ ಕಡೆಗೆ, ಸಾಲಾಗಿ ಲೇತ್ ಶೆಡ್ಡುಗಳಿವೆ. ಒಂದರಲ್ಲಿ ಹಳೇ ಎಚ್‌ಎಂಟಿ ಲೇತ್, ಅದರ ಮುಂದೆ ಅರವತ್ತರ ಹಿರಿಯರು. ನಾನು ಹರಕು ತೆಲುಗಿನಲ್ಲಿ ಶುರುಮಾಡಿದೆ. ಅವರು ಕೈಯಲ್ಲಿದ್ದ ಮುಚ್ಚಳ ತಿರುಗಿಸಿ ನೋಡುತ್ತಾ, "ಕನ್ನಡ ಬರ್ತದೇನ್ರಿ?" ಎಂದರು. ನನ್ನ ತೆಲುಗೇ ಹೇಳಿಕೊಟ್ಟಿರಬೇಕು. ಭಾಲ್ಕಿ ಕಡೆಯವರು, ಈ ಊರಿಗೆ ಬಂದು ಮೂವತ್ತೈದು ವರ್ಷ. ಶೆಡ್ಡಿನ ಹುಡುಗರಿಗೆ ಅವರು ಉಸ್ತಾದ್.

"ಕಬ್ಬಿಣ ಹಾಕಿದ್ರ ತುಕ್ಕ ಹಿಡೀತದ, ತೂತೂ ತಿಂತದ. ಪಿತ್ತಳೀದೇ ಮಾಡಮ್ರಿ ಸರ."

ಅಳತೆಗೆ ಹಳೇ ಗುಂಡಿ ಇಲ್ಲ. ಅವರು ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಒಂದೊಂದಾಗಿ ತೂತಿಗೆ ತೂರಿಸಿ ನೋಡಿದರು. ಸಡಿಲ, ಸಡಿಲ, ಬಿಗಿ. ಸರಿಹೊಂದಿದ ಬಿಟ್ಟನ್ನು ವರ್ನಿಯರಿಗೆ ಹಿಡಿದು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದುಕೊಂಡರು. ಮೂಲದ್ದರಲ್ಲಿ ಕೆಳಗೆ ಒಂದು ಸಣ್ಣ ಪಿನ್ ಇತ್ತು ಎಂದೆ. ಅವರಿಗೆ ಅದು ಒಪ್ಪಲಿಲ್ಲ. ಆ ಪಿನ್ ಕಳಚಿದರೆ ಸೀದಾ ಪೆಟ್ರೋಲ್ ಬಟ್ಟಲಿಗೇ ಬೀಳುತ್ತದಲ್ಲ? ಕೆಳಗಿನ ಬಿಲ್ಲೆ, ಮೇಲಿನ ಕಡ್ಡಿ ಒಂದೇ ತುಂಡು ಮಾಡಿ, ಒಳಗಿನಿಂದ ಮೇಲಕ್ಕೆ ತೂರಿಸಿ, ತಲೆಯನ್ನು ಹೊರಗೆ ರಿವೆಟ್ ಮಾಡುವುದು ಅವರ ಲೆಕ್ಕ. ಆಗ ಒಳಗೆ ಬೀಳುವಂಥದ್ದು ಏನೂ ಇರುವುದಿಲ್ಲ. ನನಗೆ ಇದು ಮೂಲಕ್ಕಿಂತ ಒಳ್ಳೆಯದೆನಿಸಿತು, ಈಗಲೂ ಅನಿಸುತ್ತದೆ. ಸ್ಪ್ರಿಂಗಿಗೆ ಅವರು ಕೈಹಾಕಿದ್ದು ನನ್ನ ಅಂಗಿಯ ಜೇಬಿಗೆ. ಟಿಕ್ ಟಿಕ್ ಪೆನ್ನಿನ ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿದರು. ಇನ್ನೂರು ರೂಪಾಯಿ ಕೊಟ್ಟರೆ ನೂರು ವಾಪಸ್ ಕೊಟ್ಟು, "ಪೆನ್ನು ನಿಮ್ದೇ ಅದಲ್ಲ" ಎಂದರು.

ಮನೆಗೆ ಬಂದು ಜೋಡಿಸಿದೆ. ಪೆಟ್ರೋಲ್ ನಲ್ಲಿ ತೆರೆದರೆ ಸೋರುವುದು ನಿಲ್ಲುತ್ತಲೇ ಇಲ್ಲ. ಸೂಜಿ ಒರೆಸಿದೆ, ಫ್ಲೋಟ್ ಅಲ್ಲಾಡಿಸಿ ನೋಡಿದೆ, ತೂತಾಗಿಲ್ಲ. ರಾತ್ರಿ ಒಂಬತ್ತಕ್ಕೆ ಸೋತು ಅಪ್ಪನಿಗೆ ಫೋನ್ ಮಾಡಿ, ಗುಂಡಿಯ ವಿಷಯ ಬಿಟ್ಟು ಉಳಿದದ್ದು ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡು, "ಒತ್ತದೇ ಇದ್ದಾಗ್ಲೂ ಟಿಕ್ಲರ್ ಫ್ಲೋಟ್‌ಗೆ ತಾಗ್ತಾ ಇದ್ಯಾ ನೋಡು" ಎಂದರು.

ತಾಗುತ್ತಿತ್ತು. ಕೆಳಗಿನ ಬಿಲ್ಲೆ ಒಂದು ಕೂದಲಷ್ಟು ದಪ್ಪ. ಮರುದಿನ ಉಸ್ತಾದ್ ತಲೆ ಬಿಚ್ಚಿ ಹೊರತೆಗೆದು, ಬಿಲ್ಲೆಯನ್ನು ತೆಳ್ಳಗೆ ಸವರಿ, ಮತ್ತೆ ರಿವೆಟ್ ಹೊಡೆದರು. ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ಪೆಟ್ರೋಲಿಗೆ ಲೀಟರಿಗೆ ನಲವತ್ತು ಎಂ.ಎಲ್. ಆಯಿಲ್ ಬೆರೆಸಿ, ಗುಂಡಿ ಒತ್ತಿ, ಹನಿ ಕಂಡ ಮೇಲೆ ಒದ್ದೆ. ಎರಡನೇ ಕಿಕ್‌ಗೆ ಹೊಗೆ, ಆಮೇಲೆ ಆ ಸದ್ದು. ಮೇಲಿನ ಮಹಡಿಗಳಿಂದ ಇಬ್ಬರು ಬಗ್ಗಿ ನೋಡಿದರು, ಒಬ್ಬರು ಮಾತ್ರ ಬೈದರು.

ಅಪ್ಪ ಬಂದ ದಿನ ಬ್ಯಾಗ್ ಇಳಿಸುವ ಮೊದಲೇ ಗಾಡಿಯ ಹತ್ತಿರ ಹೋದರು. ಬಗ್ಗಲು ಆಗಲಿಲ್ಲ, ಸೀಟು ಹಿಡಿದು ಹೆಬ್ಬೆರಳನ್ನು ತಡಕಾಡಿಕೊಂಡು ಗುಂಡಿಯ ಮೇಲಿಟ್ಟರು. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

"ಇದು ನಂದಲ್ಲ."

ಹೇಳಿದೆ, ಗೋಂಗೂರ ಮಡಿಯೂ ಸೇರಿ ಎಲ್ಲ. ಬೈಯುತ್ತಾರೆ ಎಂದುಕೊಂಡು ನಿಂತಿದ್ದೆ. ಮಾಡಿಕೊಟ್ಟವರು ಯಾರು, ಯಾವ ಊರಿನವರು ಎಂದು ಕೇಳಿದರು. ಮರುದಿನ ಶೆಡ್ಡಿಗೆ ಕರೆದುಕೊಂಡು ಹೋದೆ. ಮೈಸೂರು ಕನ್ನಡ, ಭಾಲ್ಕಿ ಕನ್ನಡ ಒಂದು ಗಂಟೆ ಮಾತಾಡಿಕೊಂಡವು, ನಡುವೆ ನನ್ನನ್ನು ಚಹಾಕ್ಕೆ ಎರಡು ಸಲ ಓಡಿಸಿದರು. ಹೊರಡುವಾಗ ಅಪ್ಪ ಜೇಬಿನಿಂದ ನೂರು ರೂಪಾಯಿ ತೆಗೆದು ಲೇತ್ ಮೇಲಿಟ್ಟರು.

"ಇನ್ನೊಂದು ಮಾಡಿಟ್ಟಿರಿ. ಇವ್ನು ಮತ್ತೆ ಬಿಚ್ತಾನೆ."