ತಮ್ಮನ ಪಟ್ಟಿ ತಿದ್ದಿದ್ರ, ಅಕ್ಕಂದೂ ಯಾಕ ಬದಲಾಯ್ತು?

ಲಿಸ್ಪ್‌ನಾಗ ಎರಡು ಹೆಸರು: ಅಕ್ಕ, ತಮ್ಮ.
ನೀವು ಮುಟ್ಟಿದ್ದು ತಮ್ಮನ ಪಟ್ಟಿ.
ಅಕ್ಕಂದೂ ಬದಲಾಯ್ತು. ಹೆಂಗ?

1958ರಾಗ ಜಾನ್ ಮೆಕಾರ್ಥಿ ಶುರು ಮಾಡಿದ ಪ್ರೋಗ್ರಾಮಿಂಗ್ ಭಾಷೆ ಇದು.
ಪಟ್ಟಿನೇ ಇದರ ಜೀವ.

ದೌಲತಾಬಾದಿನ ಒಂದು ಮನಿ ನೆನಸ್ಕೊಳ್ರಿ.
ಅಡಗಿಮನಿ ಗ್ವಾಡಿಗಿ ಸಂತಿ ಚೀಟಿ ಅಂಟಿಸ್ಯಾರ.
ಮೊದಲ ಸಾಲು, ತೊಗರಿ.
ಆಮ್ಯಾಲ ಜ್ವಾಳ, ಬೆಲ್ಲ.
ಅಕ್ಕ, ತಮ್ಮ ಇಬ್ಬರೂ ನೋಡೋದು ಅದೇ ಚೀಟಿ.

ಈಗ ತಮ್ಮ ಬ್ಯಾರೆ ಹಾಳಿ ತಗೊಂಡು
ತನ್ನ ಚೀಟಿ ತಾನೇ ಬರಕೊಂಡ.
ಗ್ವಾಡಿ ಚೀಟಿ ಇದ್ದಂಗೇ ಅದ.
ಲಿಸ್ಪ್‌ನಾಗ ಇದು ಸೆಟ್‌ಕ್ಯೂ.
ಹೆಸರು ಹೊಸ ಪಟ್ಟಿ ಕಡೆ ತಿರುಗ್ತು, ಅಷ್ಟೇ.

ಆದ್ರ ಅಂವ ಪೆನ್ನು ಹಿಡದು
ಗ್ವಾಡಿ ಚೀಟಿ ಮ್ಯಾಲೇ ತೊಗರಿ ಹೊಡದು
ಕಡ್ಲಿ ಅಂತ ಬರದ್ರ?
ಅಕ್ಕನೂ ಸಂತಿಯಿಂದ ಕಡ್ಲಿನೇ ತರ್ತಾಳ.
ಇದು ಸೆಟ್‌ಎಫ್ ಕಾರ್. ಕಾರ್ ಅಂದ್ರ ಮೊದಲ ಸಾಲು.
ಹೆಸರಲ್ಲ, ಪಟ್ಟಿನೇ ತಿದ್ದಿದ್ರಿ.

ತಮ್ಮನ ಪಟ್ಟಿಗಿ ಪುಶ್ ಮಾಡಿದ್ರ?
ಇದು ನನಗ ಬಾಳ ಇಷ್ಟ.
ಚೀಟಿ ತಲಿಗಿ ಹೊಸ ತುಂಡು ಅಂಟಸ್ತದ.
ತಮ್ಮ ಆ ತುಂಡಿನಿಂದ ಓದ್ತಾನ.
ಅಕ್ಕ ಹಳೇ ಸಾಲಿನಿಂದಲೇ ಓದ್ತಾಳ.
ಕೆಳಗಿನ ಸಾಲು ಮಾತ್ರ ಇಬ್ಬರವೂ ಒಂದೇ.
ಅಲ್ಲಿ ಯಾರು ತಿದ್ದಿದ್ರೂ ಇಬ್ಬರಿಗೂ ಕಾಣ್ತದ.

ಹಂಗಾಗಿ ತಿದ್ದೋದಿದ್ರ
ಮೊದಲು ಕಾಪಿ-ಲಿಸ್ಟ್ ಹಾಕ್ರಿ.
ಆಮ್ಯಾಲ ನಿಮ್ಮ ನಕಲಿನ ಮ್ಯಾಲೆ ಬರೀರಿ.

ಪಟ್ಟಿಯೊಳಗ ಇನ್ನೊಂದು ಪಟ್ಟಿ ಅದನ?
ಕಾಪಿ-ಲಿಸ್ಟ್ ಅಲ್ಲಿತನಕ ಇಳಿಯಂಗಿಲ್ಲ.
ಒಳಗಿಂದು ಇನ್ನೂ ಇಬ್ಬರದೂ.
ಅದಕ್ಕ ಕಾಪಿ-ಟ್ರೀ ಬೇಕು.