ಹಲವು ಪಟ್ಟಿಗಳ ಒಕ್ಕಲುತನಕ್ಕೆ ಒಂದೇ ದಿನದರ್ಶಿಕೆ

ಮಳಖೇಡ, ಸೇಡಂ, ಚಿತ್ತಾಪುರದ ಕಡೆ ಯಾವುದೇ ಒಕ್ಕಲುಮನೆಗೆ ಹೋಗಿ ನೋಡಿರಿ. ಬಾಗಿಲ ಹಿಂದೆ ಪಂಚಾಂಗದ ಕ್ಯಾಲೆಂಡರ್ ತೂಗಾಡುತ್ತಿರುತ್ತದೆ. ಸಹಕಾರ ಸಂಘದ ಸಾಲದ ಪುಸ್ತಕ ಪೆಟ್ಟಿಗೆಯಲ್ಲಿರುತ್ತದೆ. ದನಗಳಿಗೆ ಲಸಿಕೆ ಹಾಕಿಸಿದ ಚೀಟಿ ದೇವರ ಜಗಲಿಯ ಮೇಲೆ, ಗೊಬ್ಬರದ ಅಂಗಡಿಯ ಉದ್ರಿ ಲೆಕ್ಕ ಮಗನ ಮೊಬೈಲಿನಲ್ಲಿ, ಬಿತ್ತಿದ ದಿನ ಮನೆಯ ಹಿರಿಯರ ನೆನಪಿನಲ್ಲಿ ಇರುತ್ತವೆ. ಒಂದೊಂದು ಪಟ್ಟಿಯೂ ತನ್ನ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅವೆಲ್ಲ ಒಂದರ ಮುಖ ಒಂದು ನೋಡುವುದಿಲ್ಲ.

ಇದರಿಂದ ಆಗುವ ಹಾನಿ ಸಣ್ಣದಲ್ಲ. ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಒಂದು ವರ್ಷ ತೊಗರಿ ರಾಶಿಯ ಗಡಿಬಿಡಿಯಲ್ಲಿ ಅಣ್ಣನವರು ಬೆಳೆಸಾಲದ ಗಡುವು ಮರೆತರು. ಗಡುವಿನ ತಾರೀಖು ಪುಸ್ತಕದಲ್ಲಿ ಸ್ಪಷ್ಟವಾಗಿತ್ತು, ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಹಣವೂ ಕೈಯಲ್ಲಿತ್ತು. ನಾನೇನೋ ಬೆಳೆ ವೇಳಾಪಟ್ಟಿ ಬರೆದುಕೊಡುವ ವಿಜ್ಞಾನಿ. ಬರೆದುಕೊಟ್ಟ ಪಟ್ಟಿಯಲ್ಲಿ ಸಾಲದ ಸಾಲೊಂದನ್ನು ಸೇರಿಸಲು ನನಗೂ ಹೊಳೆದಿರಲಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇಕಡಾ 7. ಗಡುವಿನೊಳಗೆ ಕಟ್ಟಿದವರಿಗೆ ಶೇಕಡಾ 3 ರಿಯಾಯಿತಿ ಸಿಕ್ಕು 4 ಮಾತ್ರ ಬೀಳುತ್ತದೆ. ಎರಡು ಲಕ್ಷದ ಸಾಲಕ್ಕೆ ವರ್ಷಕ್ಕೆ ಆರು ಸಾವಿರ ರೂಪಾಯಿ ವ್ಯತ್ಯಾಸ. ಒಂದು ತಾರೀಖು ಮರೆತದ್ದಕ್ಕೆ ಇಷ್ಟು ದಂಡ.

ಈಗ ಬಹುತೇಕ ಮನೆಗಳಲ್ಲಿ ಮೊಬೈಲ್ ಫೋನ್ ಇದೆ. ಅದರಲ್ಲಿ ಗೂಗಲ್ ಕ್ಯಾಲೆಂಡರಿನಂಥ ಆ್ಯಪ್‌ಗಳೂ ಇರುತ್ತವೆ. ಹಲವು ಪಟ್ಟಿಗಳನ್ನು ಅದರಲ್ಲಿ ಒಂದೇ ದಿನದರ್ಶಿಕೆಯಾಗಿ ಕೂಡಿಸಬಹುದು. ಆದರೆ ಎಲ್ಲವನ್ನೂ ಸುಮ್ಮನೆ ಒಂದರ ಮೇಲೊಂದು ಸುರಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಉಪಯೋಗವಾಗುವುದಿಲ್ಲ. ಆದ್ದರಿಂದ ಫೋನು ಕೈಗೆತ್ತಿಕೊಳ್ಳುವ ಮೊದಲು ದಿನಗಳ ಸ್ವಭಾವವನ್ನು ತಿಳಿದುಕೊಳ್ಳುವುದು ಅವಶ್ಯ.

ದಿನಗಳಲ್ಲಿ ನಾಲ್ಕು ಬಗೆ

ಮೊದಲನೆಯದು ಗಡುವಿನ ದಿನ. ಸಾಲ ಕಟ್ಟುವುದು, ಬೆಳೆವಿಮೆಗೆ ನೋಂದಣಿ ಮಾಡಿಸುವುದು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ನಿಮ್ಮ ಬೆಳೆಯ ಚಿತ್ರ ಸೇರಿಸುವುದು, ಇವು ಹೊರಗಿನವರು ಗೊತ್ತುಮಾಡಿದ ದಿನಗಳು. ಮಳೆ ಬರಲಿ ಬಿಡಲಿ, ಅವು ನಿಮಗಾಗಿ ಕಾಯುವುದಿಲ್ಲ. ಮುಂಗಾರು ತೊಗರಿಯ ವಿಮೆಗೆ ಬಹುತೇಕ ವರ್ಷ ಜುಲೈ 31 ಕೊನೆಯ ದಿನವಾಗಿರುತ್ತದೆ. ಹೆಸರಿನಂಥ ಅಲ್ಪಾವಧಿ ಬೆಳೆಗೆ ಬೇರೆ ತಾರೀಖು ಇರಬಹುದು. ಆಯಾ ವರ್ಷದ ಅಧಿಸೂಚನೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದೇ ಬರೆದುಕೊಳ್ಳಬೇಕು.

ಎರಡನೆಯದು ಎಣಿಕೆಯ ದಿನ. ಇದು ಬಿತ್ತಿದ ದಿನದಿಂದ ಲೆಕ್ಕ ಹಾಕಬೇಕಾದದ್ದು. ತೊಗರಿಯ ಕುಡಿ ಚಿವುಟುವುದು ಬಿತ್ತಿದ 45ರಿಂದ 50 ದಿನಕ್ಕೆ. ಅಕ್ಕಡಿಯಾಗಿ ಹಾಕಿದ ಹೆಸರು ಕೊಯ್ಲಿಗೆ ಬರುವುದು ಸುಮಾರು 65ರಿಂದ 70 ದಿನಕ್ಕೆ. ಜೂನ್ 24ರಂದು, ಅಂದರೆ ಆರಿದ್ರಾ ಮಳೆಯಲ್ಲಿ ಬಿತ್ತಿದವರಿಗೆ ಕುಡಿ ಚಿವುಟುವ ಕೆಲಸ ಆಗಸ್ಟ್ 8ರಿಂದ 13ರ ಒಳಗೆ ಬರುತ್ತದೆ. ಹೆಸರಿನ ಕೊಯ್ಲು ಆಗಸ್ಟ್ 28ರಿಂದ ಸೆಪ್ಟೆಂಬರ್ 2ರ ಸುಮಾರಿಗೆ. ಮಳೆ ತಡೆದು ಜುಲೈ 12ಕ್ಕೆ, ಪುನರ್ವಸುವಿನಲ್ಲಿ ಬಿತ್ತಿದರೆ ಕುಡಿ ಚಿವುಟುವುದು ಆಗಸ್ಟ್ 26ರಿಂದ 31ಕ್ಕೂ ಹೆಸರು ಕೊಯ್ಲು ಸೆಪ್ಟೆಂಬರ್ 15ರಿಂದ 20ಕ್ಕೂ ಹೋಗುತ್ತವೆ. ಬಿತ್ತನೆ ಹದಿನೆಂಟು ದಿನ ಸರಿದರೆ ಅದಕ್ಕೆ ಕಟ್ಟಿಕೊಂಡ ಎಲ್ಲ ಕೆಲಸವೂ ಹದಿನೆಂಟು ದಿನ ಸರಿಯುತ್ತದೆ. ಗಡುವಿನ ದಿನ ಮಾತ್ರ ಇದ್ದಲ್ಲೇ ಇರುತ್ತದೆ. ಅಪಾಯವಿರುವುದು ಇಲ್ಲಿಯೇ.

ಮೂರನೆಯದು ನಿಗಾ ದಿನ. ಕಾಯಿಕೊರಕ ಹುಳುವಿಗೆ ಔಷಧಿ ಹೊಡೆಯುವ ದಿನವನ್ನು ಯಾವ ಕ್ಯಾಲೆಂಡರೂ ಮೊದಲೇ ಹೇಳಲಾರದು. ಗಿಡವೊಂದಕ್ಕೆ ಎರಡು ಮೊಟ್ಟೆ ಅಥವಾ ಒಂದು ಮರಿಹುಳು ಕಂಡಾಗ ಹೊಡೆಯಬೇಕು, ಕಾಣದಿದ್ದರೆ ಹಣ ಉಳಿಯಿತು. ಆದ್ದರಿಂದ "ಔಷಧಿ ಹೊಡೆಯುವುದು" ಎಂದು ಬರೆದುಕೊಳ್ಳಬೇಡಿರಿ. ಮೊಗ್ಗು ಮೂಡಿದಾಗಿನಿಂದ ವಾರಕ್ಕೊಮ್ಮೆ "ಹೊಲದಲ್ಲಿ ಇಪ್ಪತ್ತು ಗಿಡ ನೋಡುವುದು" ಎಂದು ಬರೆದುಕೊಳ್ಳಿರಿ. ಹಾಗೆ ಬರೆಯದೆ ಬಿಟ್ಟರೆ ಕೆಲಸಕ್ಕೆ ತಾರೀಖೇ ಇರುವುದಿಲ್ಲ. ತಾರೀಖಿಲ್ಲದ ಕೆಲಸ ದಿನದರ್ಶಿಕೆಯಲ್ಲಿ ಕಾಣಿಸುವುದಿಲ್ಲ. ಆ್ಯಪ್ ಬಳಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪಟ್ಟಿಯಲ್ಲಿ "ಹೂ ಬಿಟ್ಟಾಗ" ಎಂದು ಬರೆದ ಸಾಲು ಕ್ಯಾಲೆಂಡರಿಗೆ ಬರುವುದೇ ಇಲ್ಲ, ಬರಲಿಲ್ಲವೆಂದು ಯಾರೂ ನಿಮಗೆ ಹೇಳುವುದೂ ಇಲ್ಲ.

ನಾಲ್ಕನೆಯದು ತಿಥಿಯ ದಿನ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಪಂಚಮಿ, ಎಳ್ಳಮಾವಾಸ್ಯೆ. ಇವು ಹಬ್ಬಗಳಷ್ಟೇ ಎಂದು ತಿಳಿಯಬಾರದು. ಎತ್ತು ಹೂಡದ ದಿನಗಳು, ಆಳು ಸಿಗದ ದಿನಗಳು.

ಮಳೆ ನಕ್ಷತ್ರ ಕೂಡುತ್ತದೆ, ಅಮಾವಾಸ್ಯೆ ಕೂಡುವುದಿಲ್ಲ

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾದ ಮಾತಿದೆ. ನಮ್ಮ ಹಿರಿಯರು ಬಿತ್ತನೆಯ ಲೆಕ್ಕವನ್ನು ಮಳೆ ನಕ್ಷತ್ರದಲ್ಲಿಯೂ ಹಬ್ಬದ ಲೆಕ್ಕವನ್ನು ತಿಥಿಯಲ್ಲಿಯೂ ಇಟ್ಟಿದ್ದರು. ಎರಡೂ ಒಂದೇ ಪಂಚಾಂಗದಲ್ಲಿರುವುದರಿಂದ ಒಂದೇ ಜಾತಿಯವೆಂದು ಅನ್ನಿಸುತ್ತದೆ. ಆದರೆ ಮಳೆ ನಕ್ಷತ್ರ ಸೂರ್ಯನ ನಡೆಗೆ ಸಂಬಂಧಿಸಿದ್ದು. ಸೂರ್ಯ ಇಪ್ಪತ್ತೇಳು ನಕ್ಷತ್ರಗಳನ್ನು ದಾಟಲು ಒಂದು ವರ್ಷ ಬೇಕು. ಒಂದೊಂದಕ್ಕೆ ಹದಿಮೂರೂವರೆ ದಿನ. ಇಂಗ್ಲಿಷ್ ತಾರೀಖೂ ಸೂರ್ಯನದೇ ಲೆಕ್ಕ. ಹಾಗಾಗಿ ಮೃಗಶಿರ ಜೂನ್ 7–8ಕ್ಕೆ, ಆರಿದ್ರಾ ಜೂನ್ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ ಹೂಡುವುದು ವರ್ಷ ವರ್ಷವೂ ಬದಲಾಗುವುದಿಲ್ಲ. (ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನ ಸರಿಯುತ್ತದೆ. ಅದನ್ನು ಮೊಮ್ಮಕ್ಕಳು ನೋಡಿಕೊಳ್ಳಲಿ.) ಇವನ್ನು ಫೋನಿನಲ್ಲಿ ಒಮ್ಮೆ ಬರೆದು "ಪ್ರತಿ ವರ್ಷ" ಎಂದು ಒತ್ತಿದರೆ ಮತ್ತೆ ಮುಟ್ಟಬೇಕಾಗಿಲ್ಲ.

ತಿಥಿ ಹಾಗಲ್ಲ. ಚಂದ್ರನ ಹನ್ನೆರಡು ತಿಂಗಳು ಸುಮಾರು 354 ದಿನಕ್ಕೇ ಮುಗಿಯುತ್ತವೆ. ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಬರುತ್ತ ಹೋಗಿ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ನಾವು ಹೊಲದಲ್ಲಿ ಚರಗ ಚೆಲ್ಲುವ ಎಳ್ಳಮಾವಾಸ್ಯೆಯನ್ನೇ ನೋಡಿರಿ. 2022ರಲ್ಲಿ ಅದು ಎರಡು ಸಲ ಬಂದಿತು, ಜನವರಿ 2ರಂದು ಒಮ್ಮೆ, ಡಿಸೆಂಬರ್ 23ರಂದು ಮತ್ತೊಮ್ಮೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಆ ಇಂಗ್ಲಿಷ್ ವರ್ಷದಲ್ಲಿ ಎಳ್ಳಮಾವಾಸ್ಯೆಯೇ ಬರಲಿಲ್ಲ. 2024ರ ಜನವರಿ 11ಕ್ಕೆ ಹೋಯಿತು. ಇದಕ್ಕೆ "ಪ್ರತಿ ವರ್ಷ" ಎಂದು ಒತ್ತಿದವರ ಫೋನು ಸುಳ್ಳು ಹೇಳಿರುತ್ತದೆ. ತಿಥಿಯ ದಿನಗಳನ್ನು ಪ್ರತಿ ಯುಗಾದಿಗೆ ಹೊಸ ಪಂಚಾಂಗ ತಂದಾಗ ಕೈಯಿಂದಲೇ ಬರೆದುಕೊಳ್ಳಬೇಕು. ಅರ್ಧ ಗಂಟೆಯ ಕೆಲಸ. ಮಳಖೇಡ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದ ಕಾಲದ ರಾಜಧಾನಿ. ಇಷ್ಟು ಲೆಕ್ಕಕ್ಕೆ ಇಲ್ಲಿಯವರು ಹಿಂಜರಿಯಬಾರದು.

ಕೂಡಿಸುವ ಕ್ರಮ

ಮೊದಲು ಮನೆಯ ಎಲ್ಲ ಪಟ್ಟಿ, ಚೀಟಿ, ಪುಸ್ತಕಗಳನ್ನು ಒಂದು ಕಡೆ ಹರವಿಕೊಳ್ಳಿರಿ. ಒಂದು ಹಾಳೆಯಲ್ಲಿ ನಾಲ್ಕು ಮನೆ ಗೆರೆ ಹಾಕಿರಿ: ದಿನ, ಕೆಲಸ, ಯಾವ ಹೊಲ ಅಥವಾ ಯಾವ ದನ, ಯಾರು ಮಾಡಬೇಕು. ಪ್ರತಿಯೊಂದು ಪಟ್ಟಿಯ ಪ್ರತಿಯೊಂದು ಸಾಲನ್ನೂ ಈ ನಾಲ್ಕು ಮನೆಗಳಲ್ಲಿ ತುಂಬಬೇಕು. ಪಟ್ಟಿಗಳು ಕೂಡದಿರುವುದಕ್ಕೆ ಮುಖ್ಯ ಕಾರಣ ಅವುಗಳ ಮನೆಗಳು ಬೇರೆ ಬೇರೆಯಾಗಿರುವುದೇ. ಲಸಿಕೆಯ ಚೀಟಿಯಲ್ಲಿ "ಹಾಕಿದ ದಿನ" ಮಾತ್ರ ಇರುತ್ತದೆ, ಮುಂದಿನ ದಿನ ಇರುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಆಗಬೇಕಾದದ್ದರಿಂದ ಮುಂದಿನ ದಿನವನ್ನು ನೀವೇ ಎಣಿಸಿ ತುಂಬಬೇಕು.

ಆಮೇಲೆ ಫೋನು. ಗೂಗಲ್ ಕ್ಯಾಲೆಂಡರಿನಲ್ಲಿ ಒಬ್ಬರ ಹೆಸರಿನಲ್ಲಿಯೇ ಹಲವು ಕ್ಯಾಲೆಂಡರ್ ಮಾಡಿ ಒಂದೊಂದಕ್ಕೆ ಒಂದು ಬಣ್ಣ ಕೊಟ್ಟು ಎಲ್ಲವನ್ನೂ ಒಂದೇ ಪುಟದಲ್ಲಿ ನೋಡಬಹುದು. ಹೆಚ್ಚಿನವರು ಸಾಲಕ್ಕೊಂದು, ದನಕ್ಕೊಂದು, ತೊಗರಿಗೊಂದು, ಜೋಳಕ್ಕೊಂದು ಎಂದು ವಿಷಯವಾರು ಮಾಡುತ್ತಾರೆ. ನನ್ನ ಅನುಭವದಲ್ಲಿ ಅದು ಸರಿಯಾದ ವಿಂಗಡಣೆಯಲ್ಲ. ಮೇಲೆ ಹೇಳಿದ ನಾಲ್ಕು ಬಗೆಗಳಿಗೆ ನಾಲ್ಕೇ ಕ್ಯಾಲೆಂಡರ್ ಮಾಡಿರಿ. ಗಡುವಿಗೆ ಕೆಂಪು, ಎಣಿಕೆಗೆ ಹಸಿರು, ನಿಗಾಕ್ಕೆ ಹಳದಿ, ತಿಥಿಗೆ ನೀಲಿ. ಮಳೆ ತಡವಾದಾಗ ಹಸಿರನ್ನು ಮಾತ್ರ ಸರಿಸಿದರಾಯಿತು, ಕೆಂಪನ್ನು ಮುಟ್ಟಬಾರದು ಎಂಬುದು ಕಣ್ಣಿಗೇ ತಿಳಿಯುತ್ತದೆ. ಮೊದಲ ಏರ್ಪಾಡನ್ನು ಕಾಲೇಜಿಗೆ ಹೋಗುವ ಮಗನೋ ಮಗಳೋ ಕಂಪ್ಯೂಟರಿನಲ್ಲಿ ಮಾಡಿಕೊಟ್ಟರೆ ಸುಲಭ. ಮನೆಯ ಎರಡು ಮೂರು ಫೋನುಗಳಿಗೆ ಹಂಚಿಕೊಳ್ಳುವುದನ್ನೂ ಅಲ್ಲಿಯೇ ಮಾಡಬಹುದು.

ನೋಷನ್ ಎಂಬ ಆ್ಯಪನ್ನು ಕಲಿತ ಹುಡುಗರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ಅದರಲ್ಲಿ ಪ್ರತಿ ಪಟ್ಟಿಯೂ ಒಂದು ದತ್ತಸಂಚಯ. ಕ್ಯಾಲೆಂಡರಿನ ಒಂದು ನೋಟ ಒಂದು ಪಟ್ಟಿಯನ್ನು ಓದುತ್ತದೆ. ಹಲವನ್ನು ಕೂಡಿಸಬೇಕಾದರೆ ಎಲ್ಲ ಸಾಲುಗಳನ್ನೂ ಒಂದೇ ಪಟ್ಟಿಗೆ ತಂದು "ಬಾಬು" ಎಂಬ ಇನ್ನೊಂದು ಮನೆ ಸೇರಿಸುವುದು ಒಂದು ದಾರಿ. 2024ರ ಜನವರಿಯಲ್ಲಿ ಬಂದ ನೋಷನ್ ಕ್ಯಾಲೆಂಡರ್ ಎಂಬ ಬೇರೆ ಆ್ಯಪಿನಲ್ಲಿ ಹಲವು ಪಟ್ಟಿಗಳನ್ನು ಒಟ್ಟಿಗೆ ಕಾಣುವುದು ಇನ್ನೊಂದು. ಒಕ್ಕಲುಮನೆಗೆ ಮೊದಲನೆಯದೇ ಲೇಸು.

ಕೆಲವರು ಎಣಿಕೆಯ ದಿನಗಳನ್ನು ಗೂಗಲ್ ಶೀಟಿನಲ್ಲಿ ಮಾಡಿಕೊಳ್ಳುತ್ತಾರೆ. ಬಿತ್ತಿದ ತಾರೀಖಿನ ಮನೆಗೆ 45 ಕೂಡಿಸಿದರೆ ಕುಡಿ ಚಿವುಟುವ ತಾರೀಖು ತಾನಾಗಿ ಬರುತ್ತದೆ, ಬಿತ್ತನೆ ಬದಲಿಸಿದರೆ ಅದೂ ಬದಲಾಗುತ್ತದೆ. ಒಳ್ಳೆಯದೇ. ಆದರೆ ಶೀಟಿನಲ್ಲಿ ಬದಲಾದದ್ದು ಕ್ಯಾಲೆಂಡರಿಗೆ ತಾನಾಗಿ ಹೋಗುವುದಿಲ್ಲ. ಶೀಟನ್ನು ಮತ್ತೊಮ್ಮೆ ಆಮದು ಮಾಡಿದರೆ ಹಳೆಯ ದಿನಗಳು ಅಳಿಯದೆ ಹೊಸವು ಪಕ್ಕದಲ್ಲಿ ಕೂತು, ಒಂದೇ ಕೆಲಸ ಎರಡು ಕಡೆ ಕಾಣುತ್ತದೆ. ಹಳೆಯ ಹಸಿರನ್ನು ಮೊದಲು ಅಳಿಸಿಯೇ ಹೊಸದನ್ನು ತರಬೇಕು.

ಕೂಡಿಸಿದ ಮೇಲೆ ಕಾಣುವುದೇನು?

2024ರ ಹಂಗಾಮನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜೂನ್ 24ರಂದು ಬಿತ್ತಿದ ಹೊಲಕ್ಕೆ ಕುಡಿ ಚಿವುಟುವ ವಾರ ಆಗಸ್ಟ್ 8ರಿಂದ 13. ಆ ವರ್ಷ ನಾಗರ ಪಂಚಮಿ ಆಗಸ್ಟ್ 9. ಕುಡಿ ಚಿವುಟಲು ಬರುವವರು ಹೆಣ್ಣಾಳುಗಳು. ಪಂಚಮಿಗೆ ಅವರು ತವರಿಗೆ ಹೋಗುತ್ತಾರೆ. ಬೆಳೆಯ ಪಟ್ಟಿಯಲ್ಲಿ ಪಂಚಮಿ ಇರುವುದಿಲ್ಲ, ಪಂಚಾಂಗದಲ್ಲಿ ಕುಡಿ ಚಿವುಟುವುದು ಇರುವುದಿಲ್ಲ. ಹಸಿರು ಮತ್ತು ನೀಲಿ ಒಂದೇ ವಾರದಲ್ಲಿ ಕಂಡರೆ ಜುಲೈಯಲ್ಲಿಯೇ ಆಳುಗಳಿಗೆ ಮಾತು ಕೊಟ್ಟು, ಹಬ್ಬ ಮುಗಿಸಿ ಬಂದ ಕೂಡಲೇ ಹೊಲಕ್ಕೆ ಕರೆಯಬಹುದು; ಇಲ್ಲವೇ ಕುಡಿ ಚಿವುಟುವ ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಬಹುದು. ವಾಡಿ, ಶಹಾಬಾದ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆ, ಫರಸಿ ಕಲ್ಲಿನ ಗಣಿಗಳು ಆಳುಗಳನ್ನು ಎಳೆದುಕೊಳ್ಳುವ ನಮ್ಮ ಭಾಗದಲ್ಲಿ ಹದಿನೈದು ದಿನ ಮುಂಚೆ ತಿಳಿದಿರುವುದೇ ದೊಡ್ಡ ಅನುಕೂಲ.

ಹಾಗೆಯೇ ಜುಲೈ ಕೊನೆಯ ವಾರ. ಎಡೆ ಹೊಡೆಯುವ ಅವಸರ, ವಿಮೆಯ ಕೊನೆಯ ದಿನ, ಎರಡೂ ಅಲ್ಲಿಯೇ ಬರುತ್ತವೆ. ಮಳೆ ಬಿಡುವು ಕೊಟ್ಟ ದಿನ ಎಡೆಕುಂಟೆ ಬಿಟ್ಟು ಯಾರೂ ಸೇಡಂಗೆ ಹೋಗಲಾರರು. ಕೆಂಪಿನ ದಿನಗಳಿಗೆ ಎರಡು ಸೂಚನೆ ಇಟ್ಟುಕೊಳ್ಳಿರಿ, ಹತ್ತು ದಿನ ಮುಂಚೆ ಒಂದು, ಎರಡು ದಿನ ಮುಂಚೆ ಇನ್ನೊಂದು. ಹಸಿರಿಗೆ ಒಂದೇ ಸಾಕು. ಎಲ್ಲದಕ್ಕೂ ಗಂಟೆ ಬಾರಿಸಿದರೆ ನಾಲ್ಕೇ ದಿನದಲ್ಲಿ ನೀವು ಗಂಟೆಯನ್ನೇ ಬಂದ್ ಮಾಡುತ್ತೀರಿ.

ಒಂದು ಗಡುವು ಮಾತ್ರ ಮೊದಲೇ ಬರೆದಿಡಲು ಬಾರದು. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ತೊಗರಿ ಅಕಾಲ ಮಳೆಗೆ ಹಾಳಾದರೆ, ಕೊಯ್ದ 14 ದಿನದೊಳಗಿನ ಹಾನಿಗೆ ಫಸಲ್ ಬಿಮಾದಲ್ಲಿ ಪರಿಹಾರ ಕೇಳಲು ಅವಕಾಶವಿದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಆದ್ದರಿಂದ ಕೊಯ್ಲು ಮಾಡಿದ ದಿನವನ್ನು ಅಂದೇ ಬರೆದು, ಅದರಿಂದ ಹದಿನಾಲ್ಕನೆಯ ದಿನಕ್ಕೆ ಕೆಂಪು ಗುರುತು ಹಾಕಿರಿ. ಕೊಯ್ದದ್ದು ಎಂದು ಎಂಬ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತದೆ.

ಬರೆಯುವವರು ಮನೆಯಲ್ಲಿ ಒಬ್ಬರೇ ಇರಲಿ, ನೋಡುವವರು ಎಲ್ಲರೂ ಇರಲಿ. ಫೋನು ಒಲ್ಲದ ಹಿರಿಯರಿದ್ದರೆ ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಆ ವಾರದ ಕೆಲಸಗಳನ್ನು ಪ್ರತಿ ರವಿವಾರ ಸೀಮೆಸುಣ್ಣದಿಂದ ಬರೆಯಿರಿ, ಗಡುವು ಇದ್ದರೆ ಅದರ ಸುತ್ತ ಗೆರೆ ಎಳೆಯಿರಿ. ನಮ್ಮ ಅಣ್ಣನವರು ಈಗಲೂ ಫೋನು ನೋಡುವುದಿಲ್ಲ. ಕಲ್ಲು ನೋಡುತ್ತಾರೆ.