ರುಚಿ ನೋಡುವವರಿಗೆ ಕೃತಕ ಬುದ್ಧಿಮತ್ತೆಯ ನೆರವು

ಕಾಫಿಗೆ ಬೆಲೆ ಕಟ್ಟುವವರು ಮುಖ್ಯವಾಗಿ ಮೂರು ಅಂಶಗಳನ್ನು ನೋಡುತ್ತಾರೆ: ಬೀಜದ ಗಾತ್ರ, ದೋಷವುಳ್ಳ ಬೀಜಗಳ ಪ್ರಮಾಣ ಮತ್ತು ಬಟ್ಟಲಿನ ರುಚಿ. ಮೊದಲಿನ ಎರಡನ್ನು ನಾವು ಕಣದಲ್ಲಿ ನಿಂತೇ ಅಂದಾಜು ಮಾಡಬಲ್ಲೆವು. ಮೂರನೆಯದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದೇ ಉಳಿಯುತ್ತದೆ. ಅದನ್ನು ಹೇಳುವವರು ಕಪ್ ಟೇಸ್ಟರ್‌ಗಳು. ಈಗ ಇಂಥ ರುಚಿ ಪರೀಕ್ಷಕರ ಕೆಲಸದೊಳಗೂ ಕೃತಕ ಬುದ್ಧಿಮತ್ತೆ ಎಂಬ ಗಣಕ ವಿದ್ಯೆ ಕಾಲಿಟ್ಟಿದೆ. ಅದು ಏನು ಮಾಡಬಲ್ಲದು, ಏನು ಮಾಡಲಾರದು, ಅದರಿಂದ ಸಣ್ಣ ಬೆಳೆಗಾರರಿಗೆ ಒಳಿತೋ ಕೆಡುಕೋ ಎಂಬುದನ್ನು ಬೆಳೆಗಾರ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಈ ಪ್ರಯೋಗಗಳು ಹೆಚ್ಚು ನಡೆದಿರುವುದು ದ್ರಾಕ್ಷಿ ವೈನಿನ ಕ್ಷೇತ್ರದಲ್ಲಿ. ಆದುದರಿಂದ ಅಲ್ಲಿಂದಲೇ ಆರಂಭಿಸೋಣ.

ಸೊಮೆಲಿಯರ್ ಎಂದರೆ ಯಾರು?

ಯೂರೋಪು, ಅಮೆರಿಕಗಳ ದೊಡ್ಡ ಹೋಟೆಲುಗಳಲ್ಲಿ ವೈನಿನ ಜವಾಬ್ದಾರಿ ಹೊತ್ತ ತಜ್ಞನಿಗೆ ಸೊಮೆಲಿಯರ್ ಎಂದು ಹೆಸರು. ಈ ವೃತ್ತಿಯ ಉನ್ನತ ಪರೀಕ್ಷೆ ಮೊದಲು ನಡೆದದ್ದು 1969ರಲ್ಲಿ, ಲಂಡನ್ನಿನಲ್ಲಿ. ಪರೀಕ್ಷಾರ್ಥಿಯು ಶಾಸ್ತ್ರಜ್ಞಾನವನ್ನಲ್ಲದೆ, ಬಡಿಸುವ ಕ್ರಮವನ್ನೂ ತೋರಿಸಬೇಕು. ಲೇಬಲ್ ನೋಡದೆ ಕೇವಲ ಬಣ್ಣ, ವಾಸನೆ, ರುಚಿಗಳಿಂದ ವೈನ್ ಯಾವ ತಳಿಯ ದ್ರಾಕ್ಷಿಯದು, ಯಾವ ಪ್ರದೇಶದ್ದು ಎಂದೂ ಹೇಳಬೇಕು.

ಇವರ ದಿನವೆಲ್ಲ ರುಚಿ ನೋಡುವುದರಲ್ಲೇ ಕಳೆಯುತ್ತದೆ ಎಂದು ಭಾವಿಸಬಾರದು. ದಾಸ್ತಾನು ಎಣಿಸುವುದು, ಖರ್ಚಾದದ್ದನ್ನು ತರಿಸುವುದು, ಬಿಲ್ಲು ತಾಳೆ ನೋಡುವುದು, ಅಡುಗೆ ಬದಲಾದಾಗ ವೈನ್ ಪಟ್ಟಿಯನ್ನು ತಿದ್ದುವುದು, ಹೊಸ ನೌಕರರಿಗೆ ಕಲಿಸುವುದು ಇವೇ ಹೆಚ್ಚು ಹೊತ್ತು ತಿನ್ನುತ್ತವೆ. ನಮ್ಮ ಸಂಘಗಳ ಗೋದಾಮು ಗುಮಾಸ್ತರ ಕೆಲಸಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಲೆಕ್ಕಪತ್ರದಲ್ಲಿ ನೆರವು

ಕೃತಕ ಬುದ್ಧಿಮತ್ತೆಯ ಪ್ರಯೋಜನ ಮೊದಲು ಕಾಣುವುದು ಇಲ್ಲಿಯೇ. ಬಾಟಲಿಯ ಲೇಬಲಿನ ಚಿತ್ರ ತೆಗೆದರೆ ಹೆಸರು, ವರ್ಷ, ಊರು ತಾವಾಗಿಯೇ ದಾಸ್ತಾನು ಪುಸ್ತಕಕ್ಕೆ ಏರುತ್ತವೆ. ಯಾವ ತಿಂಗಳಲ್ಲಿ ಯಾವುದು ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ರುಚಿ ನೋಡುತ್ತಾ ಬಾಯಲ್ಲಿ ಹೇಳಿದ ಮಾತು ಬರಹವಾಗುತ್ತದೆ. ಐದು ವರ್ಷದ ಹಿಂದಿನ ಟಿಪ್ಪಣಿಯನ್ನು ಕ್ಷಣದಲ್ಲಿ ಹುಡುಕಿ ಕೊಡುತ್ತದೆ. ಹೀಗೆ ಉಳಿದ ಸಮಯವನ್ನು ಸೊಮೆಲಿಯರ್ ಗಿರಾಕಿಗಳ ಕಡೆಗೆ ಕೊಡಬಹುದು.

ಪುಸ್ತಕ ಜ್ಞಾನದಲ್ಲಂತೂ ಯಂತ್ರ ಹಿಂದೆ ಬಿದ್ದಿಲ್ಲ. 2023ರ ಮಾರ್ಚಿನಲ್ಲಿ ಓಪನ್ ಎಐ ಸಂಸ್ಥೆ ಹೊರತಂದ ಜಿಪಿಟಿ-4 ಎಂಬ ಭಾಷಾ ಯಂತ್ರಕ್ಕೆ ಸೊಮೆಲಿಯರ್ ಪರೀಕ್ಷೆಯ ಶಾಸ್ತ್ರಭಾಗದ ಪ್ರಶ್ನೆಗಳನ್ನು ಕೊಡಲಾಗಿತ್ತು. ಆ ಸಂಸ್ಥೆಯೇ ಪ್ರಕಟಿಸಿದಂತೆ, ಅದಕ್ಕೆ ಪ್ರಾರಂಭಿಕ ಹಂತದಲ್ಲಿ ಶೇಕಡಾ 92, ಎರಡನೆಯ ಹಂತದಲ್ಲಿ 86, ಮುಂದುವರಿದ ಹಂತದಲ್ಲಿ 77 ಅಂಕಗಳು ಬಂದವು. ಆದರೆ ಅದು ಒಂದು ತೊಟ್ಟನ್ನೂ ಬಾಯಿಗೆ ಹಾಕಿಕೊಂಡದ್ದಲ್ಲ ಎಂಬುದನ್ನು ಮರೆಯಬಾರದು. ಇಂಥ ಯಂತ್ರಗಳಿಗೆ ಇನ್ನೊಂದು ದೋಷವೂ ಉಂಟು. ಗೊತ್ತಿಲ್ಲದ ಸಂಗತಿಯನ್ನು ಗೊತ್ತಿಲ್ಲವೆನ್ನದೆ, ನಂಬುವಂಥ ಮಾತಿನಲ್ಲಿ ಕಟ್ಟಿ ಹೇಳಿಬಿಡುತ್ತವೆ. ಆದುದರಿಂದ ಅವು ಬರೆದುಕೊಟ್ಟ ಪಟ್ಟಿಯನ್ನು ಬಲ್ಲವರು ಒಮ್ಮೆ ಓದಿಯೇ ಹೊರಬಿಡಬೇಕು.

ಮೂಗು, ನಾಲಿಗೆಯ ಕೆಲಸದಲ್ಲಿ

ಮನುಷ್ಯರ ನಾಲಿಗೆ ತಪ್ಪುವುದೇ ಇಲ್ಲವೆಂದಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋ ನಗರದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳ ಮುಂದಿಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಮೂಗನ್ನು ದಾರಿ ತಪ್ಪಿಸಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಮೇಳದ ತೀರ್ಪುಗಾರರ ಬಗ್ಗೆ 2008ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಒಂದೇ ಬಾಟಲಿಯ ವೈನನ್ನು ಅವರಿಗೇ ತಿಳಿಯದಂತೆ ಮೂರು ಸಲ ಕೊಟ್ಟಾಗ, ಮೂರು ಸಲವೂ ಒಂದೇ ದರ್ಜೆಯ ಪದಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ.

ಇಂಥಲ್ಲಿ ಯಂತ್ರ ಒಂದು ಎರಡನೆಯ ಸಾಕ್ಷಿಯಾಗಬಲ್ಲದು. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದವರು ಫ್ರಾನ್ಸಿನ ವಿಜ್ಞಾನಿಗಳೊಡನೆ ಸೇರಿ ಬೋರ್ಡೋ ಪ್ರದೇಶದ ಏಳು ತೋಟಗಳ 80 ಕೆಂಪು ವೈನುಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈನಿನ ಆವಿಯ ರಾಸಾಯನಿಕ ವಿಶ್ಲೇಷಣೆಯ ನಕ್ಷೆಗಳನ್ನು ಗಣಕಕ್ಕೆ ಉಣಿಸಿದಾಗ, ಯಾವ ವೈನ್ ಯಾವ ತೋಟದ್ದೆಂಬುದನ್ನು ಅದು ಒಂದೂ ತಪ್ಪಿಲ್ಲದೆ ಹೇಳಿತು. ಯಾವ ವರ್ಷದ್ದೆಂಬ ಪ್ರಶ್ನೆಗೆ ಮಾತ್ರ ಸುಮಾರು ಅರ್ಧದಷ್ಟು ಉತ್ತರಗಳಷ್ಟೇ ಸರಿಯಾದವು. ತೋಟದ ಗುರುತು ಯಾವುದೋ ಒಂದು ವಸ್ತುವಿನಲ್ಲಿ ಇರಲಿಲ್ಲ; ಅನೇಕ ವಸ್ತುಗಳ ಒಟ್ಟು ಹದದಲ್ಲಿ ಅಡಗಿತ್ತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿರುವುದರಿಂದ ಈ ಸಂಗತಿ ನಮಗೂ ಸಂಬಂಧಪಟ್ಟದ್ದೇ. ನಮ್ಮ ಹೆಸರಿನಲ್ಲಿ ಬೇರೆ ಮಾಲು ಮಾರುವವರನ್ನು ಹಿಡಿಯಲು ಮುಂದೊಂದು ದಿನ ಇಂಥ ಪರೀಕ್ಷೆ ನೆರವಾದೀತು.

ವೈನಿಗೂ ಕಾಫಿಗೂ ಇನ್ನೊಂದು ನಂಟಿದೆ. ವೈನಿನ ಬೆಂಡಿನ ಬಿರಡೆಯಿಂದ ಬರುವ ಮುಗ್ಗು ವಾಸನೆಗೆ ಟ್ರೈಕ್ಲೋರೊ ಅನಿಸೋಲ್ ಎಂಬ ವಸ್ತು ಕಾರಣ. ಬ್ರೆಜಿಲ್ ಕಾಫಿಯಲ್ಲಿ ರಿಯೋ ರುಚಿ ಎಂದು ಕರೆಯುವ ಔಷಧಿಯಂಥ ಕೆಟ್ಟ ರುಚಿಯ ಮುಖ್ಯ ಕಾರಣವೂ ಅದೇ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಪಳಗಿದ ಮೂಗು ಇದನ್ನು ಹಿಡಿಯುತ್ತದೆ. ಫೋನಿನಲ್ಲಿ ಉತ್ತರ ಕೊಡುವ ಯಂತ್ರಕ್ಕೆ ಈ ಮೂಗು ಇಲ್ಲ.

ನಮ್ಮ ಕಪ್ ಟೇಸ್ಟರ್

ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮದಂತೆ, ಹದವಾಗಿ ಹುರಿದು ಪುಡಿಮಾಡಿದ 8.25 ಗ್ರಾಂ ಕಾಫಿಗೆ 150 ಮಿಲಿಲೀಟರ್ ಬಿಸಿನೀರು ಹೊಯ್ದು, ನಾಲ್ಕು ನಿಮಿಷದ ಬಳಿಕ ಮೇಲಿನ ಕೆನೆ ಒಡೆದು ವಾಸನೆ ನೋಡುತ್ತಾರೆ. ಆಮೇಲೆ ಚಮಚದಿಂದ ಹೀರಿ ರುಚಿ ನೋಡುತ್ತಾರೆ. ಒಂದು ಮಾದರಿಗೆ ಐದು ಬಟ್ಟಲು. ಪರಿಮಳ, ಹುಳಿ, ಮೈಕಟ್ಟು, ಸಿಹಿ, ಬಾಯಲ್ಲುಳಿಯುವ ರುಚಿ ಮುಂತಾದ ಹತ್ತು ಗುಣಗಳಿಗೆ ಅಂಕ ಕೊಟ್ಟು, ನೂರಕ್ಕೆ 80 ದಾಟಿದರೆ ಸ್ಪೆಷಾಲಿಟಿ ಕಾಫಿ ಎನ್ನುತ್ತಾರೆ. ಈಚೆಗೆ ಹೊಸ ನಮೂನೆಯೊಂದೂ ಬಳಕೆಗೆ ಬರುತ್ತಿದೆ.

ಇಲ್ಲಿಯೂ ಯಂತ್ರ ಬಂದಿದೆ. ಕೊಲಂಬಿಯಾ ದೇಶದಲ್ಲಿ ಡಿಮೆಟ್ರಿಯಾ ಎಂಬ ಸಂಸ್ಥೆ ರಫ್ತುದಾರರೊಬ್ಬರೊಡನೆ ಸೇರಿ 2021ರ ಸುಮಾರಿಗೆ ಈ ಪ್ರಯೋಗ ಕೈಗೊಂಡಿತು. ಕೈಯಲ್ಲಿ ಹಿಡಿಯುವ ಸಾಧನದಿಂದ ಹಸಿರು ಬೀಜದ ಮೇಲೆ ಅವಕೆಂಪು ಕಿರಣ ಬಿಡುತ್ತಾರೆ. ತೇವ, ಕೊಬ್ಬು, ಸಕ್ಕರೆ ಮುಂತಾದವು ಆ ಕಿರಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ ಪ್ರತಿ ಮಾದರಿಗೂ ಒಂದೊಂದು ನಕ್ಷೆ ಸಿಗುತ್ತದೆ. ಆ ನಕ್ಷೆಯನ್ನು ಟೇಸ್ಟರ್‌ಗಳು ಹಿಂದೆ ಕೊಟ್ಟ ಅಂಕಗಳೊಡನೆ ಹೋಲಿಸಿ ಬಟ್ಟಲಿನ ರುಚಿಯನ್ನು ಅಂದಾಜು ಮಾಡುತ್ತಾರೆ. ಹುರಿಯಬೇಕಿಲ್ಲ, ಕುದಿಸಬೇಕಿಲ್ಲ. ದಿನಕ್ಕೆ ಕೆಲವೇ ಮಾದರಿ ನೋಡಬಲ್ಲ ಟೇಸ್ಟರ್‌ಗೆ, ಯಾವುದನ್ನು ಮೊದಲು ನೋಡಬೇಕೆಂದು ಆರಿಸಿಕೊಳ್ಳಲು ಇದು ಸಹಾಯಕ. ಆದರೆ ಕಲಿಸಿದ ನಾಲಿಗೆ ಹೇಗೋ ಯಂತ್ರವೂ ಹಾಗೆಯೇ. ಬೇರೆ ದೇಶದ ಕಾಫಿಯಿಂದ ಕಲಿತ ಯಂತ್ರ ನಮ್ಮ ನೆರಳಿನ ತೋಟದ ರೊಬಸ್ಟಾಗೆ ನ್ಯಾಯ ಕೊಟ್ಟೀತೆಂದು ಸುಮ್ಮನೆ ನಂಬುವಂತಿಲ್ಲ.

ಬೆಳೆಗಾರರು ಮಾಡಬೇಕಾದ್ದೇನು?

ಇಲ್ಲಿರುವ ನಿಜವಾದ ಪ್ರಶ್ನೆ ಯಂತ್ರದ್ದಲ್ಲ, ದಾಖಲೆಯದು. ಯಂತ್ರ ಕೊಳ್ಳುವವರು ವ್ಯಾಪಾರಿಗಳು ಮತ್ತು ರಫ್ತುದಾರರು. ನಮ್ಮ ಮಾಲಿನ ರುಚಿಯ ಅಂಕಗಳು ವರ್ಷ ವರ್ಷವೂ ಅವರ ಪುಸ್ತಕದಲ್ಲಿ ಸೇರುತ್ತಾ ಹೋದರೆ, ನಮ್ಮ ಕಾಫಿಯ ವಿಷಯ ನಮಗಿಂತ ಅವರಿಗೇ ಹೆಚ್ಚು ತಿಳಿದಿರುತ್ತದೆ. ಬೆಲೆಯ ಮಾತಿಗೆ ಕುಳಿತಾಗ ಕೇಳಿದ್ದಕ್ಕೆ ತಲೆಯಾಡಿಸುವುದಷ್ಟೇ ನಮಗೆ ಉಳಿದೀತು. ಆದುದರಿಂದ ಕೆಳಗಿನ ಸಲಹೆಗಳು:

1. ಪ್ರತಿ ಲಾಟಿಗೂ ಒಂದು ಸಂಖ್ಯೆ ಕೊಟ್ಟು, ತೋಟದ ಭಾಗ, ತಳಿ, ಕೊಯ್ಲಿನ ದಿನಾಂಕ, ಪಲ್ಪಿಂಗ್ ಆದ ಹೊತ್ತು, ಹುಳಿಯಲು ಬಿಟ್ಟ ಗಂಟೆಗಳು, ಕಣದಲ್ಲಿ ಒಣಗಿದ ದಿನಗಳು ಇವನ್ನು ಬರೆದಿಡಿ. ಬರೆಯಲು ಬೇಸರವಾದರೆ ಫೋನಿಗೆ ಕನ್ನಡದಲ್ಲಿ ಹೇಳಿದರೂ ಬರಹವಾಗುತ್ತದೆ.

2. ಮಾರುವ ಮೊದಲು ಒಂದು ಮಾದರಿಯನ್ನು ಕಪ್ ಪರೀಕ್ಷೆಗೆ ಕಳಿಸಿ, ವರದಿಯ ಪ್ರತಿಯನ್ನು ಲಾಟಿನ ಸಂಖ್ಯೆಯೊಡನೆ ಇಟ್ಟುಕೊಳ್ಳಿ.

3. ಕೊಳ್ಳುವವರು ಯಂತ್ರದ ಅಂಕ ತೋರಿಸಿ ಬೆಲೆ ಇಳಿಸಿದರೆ, ಅದೇ ಮಾದರಿಯನ್ನು ಟೇಸ್ಟರ್ ನೋಡಿದ್ದಾರೆಯೇ ಎಂದು ಕೇಳಿ. ಅಂಕದ ಪ್ರತಿಯನ್ನೂ ಕೇಳಿ ಪಡೆಯಿರಿ.

4. ಫೋನಿನ ಉತ್ತರ ನಂಬಿ ಪಲ್ಪಿಂಗ್, ಒಣಗಿಸುವಿಕೆಯ ಕ್ರಮ ಬದಲಿಸಬೇಡಿ. ಪಾರ್ಚ್‌ಮೆಂಟಿಗೆ ಶೇಕಡಾ 10, ಅರೇಬಿಕಾ ಚೆರಿಗೆ 10.5, ರೊಬಸ್ಟಾ ಚೆರಿಗೆ 11 ತೇವಾಂಶವೆಂಬ ಮಿತಿ ಯಾವ ಯಂತ್ರ ಬಂದರೂ ನಮ್ಮ ಕೈಯಲ್ಲೇ ಇರುವಂಥದು.

ಅಡಿಕೆ ಬೆಳೆಗಾರರಿಗೂ ಈ ಮಾತು ಹೊರತಲ್ಲ. ರಾಶಿ, ಬೆಟ್ಟೆ, ಗೊರಬಲು ಎಂಬ ವಿಂಗಡಣೆ ಕಣ್ಣಿನ ಕೆಲಸ. ಚಿತ್ರ ನೋಡಿ ವಿಂಗಡಿಸುವುದು ಯಂತ್ರಕ್ಕೆ ರುಚಿಗಿಂತ ಸುಲಭ. ಹೀಗಾಗಿ ಅಲ್ಲಿ ಅದು ಬೇಗ ಬರಬಹುದು.

ಒಬ್ಬೊಬ್ಬರ ಐದಾರು ಚೀಲದ ದಾಖಲೆಗೆ ಹೆಚ್ಚು ಬಲವಿಲ್ಲ. ನೂರಾರು ಸದಸ್ಯರದು ಒಂದೆಡೆ ಸೇರಿದರೆ ಅದಕ್ಕೆ ಬೆಲೆ ಬರುತ್ತದೆ. ಸಂಘದಲ್ಲಿಯೇ ರುಚಿ ದಾಖಲೆಯ ಒಂದು ರಿಜಿಸ್ಟರ್ ತೆರೆಯುವ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಇಡಲಾಗುವುದು. ಸದಸ್ಯರು ತಮ್ಮಲ್ಲಿರುವ ಹಳೆಯ ಕಪ್ ವರದಿಗಳನ್ನು ಅಂದು ತಪ್ಪದೆ ತರಬೇಕಾಗಿ ವಿನಂತಿ.

— ಕಾರ್ಯದರ್ಶಿ